ಗೇಟು ಮುಚ್ಚಿದ್ದ ಹದಿನೇಳು ದಿನ

ಮೂವತ್ತೊಂದು ವರ್ಷ ನನ್ನ ಬಲಗಣ್ಣು
ಹೊಸೂರಿನ ಗಡಿಯಾರದ ಕಾರ್ಖಾನೆಯದು.
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ
ಸೆಕೆಂಡಿನ ಮುಳ್ಳಿನ ಬೆನ್ನು ನೋಡುವುದು;
ಗೀರು ಕಂಡರೆ ಕೆಂಪು ಡಬ್ಬಿ,
ಕಾಣದಿದ್ದರೆ ಹಸಿರು.
ಎಡಗಣ್ಣು ಮಾತ್ರ ನನ್ನದು. ಅದು
ಕಿಟಕಿಯಾಚೆ ಗೊರವಂಕ ಎಣಿಸುತ್ತಿತ್ತು.

ನಿವೃತ್ತಿಯ ದಿನ ಶಾಲು ಹೊದಿಸಿದರು.
ಭೂತಗನ್ನಡಿಯನ್ನು ನಾನೇ
ಸೆರಗಿಗೆ ಗಂಟು ಹಾಕಿ ತಂದೆ.
ಯಾರೂ ಕೇಳಲಿಲ್ಲ.

ಮತ್ತಿಗಿರಿಯ ಈ ಬಾಡಿಗೆ ಮನೆಯ ಮುಂದೆ
ಹತ್ತಡಿಗೆ ಹದಿನಾಲ್ಕಡಿ ಮಣ್ಣು.
"ಸಿಮೆಂಟು ಹಾಕಿಸಿಬಿಡ್ತೀನಿ, ಗುಡಿಸೋಕೆ ಸುಲಭ"
ಎಂದರು ಮನೆಯ ಯಜಮಾನ ಆರಾಧ್ಯರು.
"ಬಾಡಿಗೆಗೆ ಇನ್ನೂರು ಸೇರಿಸ್ಕೊಳ್ಳಿ, ಮಣ್ಣು ಇರಲಿ."
ಹೀಗೆ ತಿಂಗಳಿಗೆ ಇನ್ನೂರು ರೂಪಾಯಿಗೆ
ನನಗೆ ಸಿಕ್ಕಿದವರು: ಒಡೆದ ಬೋಗುಣಿಯ ನೀರಿಗೆ
ಹೊತ್ತು ತಪ್ಪದೆ ಬರುವ ಪಿಕಳಾರ,
ತುಂಬೆಹೂವಿನೊಳಗೆ ತಲೆಯಿಟ್ಟ ನೀಲಪಟ್ಟೆಯ ಜೇನು,
ಕಲ್ಲಂದಿಯಲ್ಲಿ ಒಂದು ಹಾವುರಾಣಿ,
ಬಾಲ ಎಲ್ಲಿ ಬಿಟ್ಟು ಬಂದಿತ್ತೋ.

ಕರಿಬೇವು ನೆಟ್ಟದ್ದು ಸಾರಿಗೆ.
ಒಂದು ದಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ;
ಕನ್ನಡಿ ಹಿಡಿದರೆ
ಹಿಕ್ಕೆ ಊಟ ಮಾಡುತ್ತಿತ್ತು.
ಒಲೆಯ ಮೇಲೆ ಎಣ್ಣೆಯಿಟ್ಟು ಓಡಿಬಂದ
ಪಕ್ಕದ ಮನೆಯ ಪೂಂಗೊಡಿ
ಬರೀ ಕಡ್ಡಿ ಕಂಡು "ಅಯ್ಯೋ, ಪುಳು ಅಕ್ಕಾ!" ಎಂದಳು.
ಅವಳ ಸಾಸಿವೆ ಸೀದ ವಾಸನೆ ಗೋಡೆ ದಾಟಿ ಬಂತು.
ಸಂತೆಯಿಂದ ಒಂದು ಕಟ್ಟು ತಂದುಕೊಟ್ಟೆ.
ಹುಳಕ್ಕೆ ಗಿಡ, ಮನುಷ್ಯರಿಗೆ ಸಂತೆ.

ಒಂಬತ್ತರಲ್ಲಿ ಎಂಟು ಯಾರುಯಾರದೋ ಊಟವಾದವು.
ಒಂಬತ್ತನೆಯದು ಹಸಿರಾಗಿ, ದಪ್ಪಗಾಗಿ,
ಒಂದು ರಾತ್ರಿ ಗಿಡ ಇಳಿದು, ನಡೆದು,
ಜಾಗವೆಲ್ಲ ಬಿಟ್ಟು ಗೇಟಿನ ಕೀಲಿನಲ್ಲಿ,
ತೆರೆದರೆ ಜಜ್ಜಿಹೋಗುವಲ್ಲೇ,
ಸೊಂಟಕ್ಕೊಂದು ದಾರ ಬಿಗಿದು
ಕೋಶವಾಗಿ ಕೂತಿತು.

ಗೇಟಿಗೆ ಹಗ್ಗ ಕಟ್ಟಿದೆ.
ಎಲ್ಲಪ್ಪ ಹಾಲನ್ನು ಗೋಡೆಯ ಮೇಲೆ ಅಳೆದ.
ಗ್ಯಾಸಿನ ಹುಡುಗ ಸಿಲಿಂಡರು ದಾಟಿಸುತ್ತ ಬೈದ.
ನಾನು ಅರವತ್ತರ ಮೊಣಕಾಲಿನಲ್ಲಿ
ಸ್ಟೂಲು ಹತ್ತಿ, ಗೋಡೆ ಹಾರಿ, ರೇಷನ್ನಿಗೆ ಹೋದೆ.
"ಪಟ್ಟಾಂಪೂಚ್ಚಿ ವಂದಾಚ್ಚಾ?" ಅಂತ ಪೂಂಗೊಡಿ.
"ಸೀತಾಕೋಕಚಿಲುಕ ಎಪ್ಪುಡು ವಸ್ತುಂದಿ?" ಅಂತ ಎಲ್ಲಪ್ಪ.
"ನನ್ನ ಗೇಟು ಯಾವಾಗ ತೆಗೀತೀರಿ?"
ಅಂತ ಆರಾಧ್ಯರು, ಅಚ್ಚಗನ್ನಡದಲ್ಲಿ.

ಹನ್ನೊಂದಕ್ಕೆ ಬರಬೇಕಿತ್ತು. ಬರಲಿಲ್ಲ.
ಹದಿಮೂರಕ್ಕೆ ಕೋಶ ಹಳೆ ಹುಣಸೆಯ ಬಣ್ಣ.
ತಡವಾಗಿ ಓಡುವ ಗಡಿಯಾರ ನನಗೆ ಗೊತ್ತು,
ನಿಂತದ್ದೂ ಗೊತ್ತು.
ಇದು ಯಾವುದು?

ಹದಿನೇಳನೆಯ ಬೆಳಿಗ್ಗೆ
ಕೋಶದ ಬೆನ್ನಲ್ಲಿ ಸೂಜಿಮೊನೆಯಷ್ಟು ತೂತು,
ದುಂಡಗೆ, ಗೀರಿಲ್ಲದೆ.
ಕನ್ನಡಿ ಸಿಕ್ಕಿಸಿದೆ. ಒಂದು ಮೀಸೆ ಹೊರಬಂತು,
ಆಮೇಲೆ ಹಸಿರು ಲೋಹದ ತಲೆ.
ಎಳ್ಳಿಗಿಂತ ಸಣ್ಣ ಕಡಜ. ರೆಕ್ಕೆ ಒರೆಸಿಕೊಂಡು
ಪಕ್ಕಕ್ಕೆ ಸರಿದು
ಹಿಂದಿನವಳಿಗೆ ದಾರಿ ಬಿಟ್ಟಳು.
ಹತ್ತು. ಮೂವತ್ತು.
ಎಂಬತ್ತಮೂರಕ್ಕೆ ಕಣ್ಣಲ್ಲಿ ನೀರಾಡಿ ಲೆಕ್ಕ ತಪ್ಪಿತು.

ಸಾರಿಗೆ ಎಲೆಯಿಲ್ಲದೆ ಉಂಡದ್ದು,
ಗೋಡೆ ಹಾರಿದ್ದು, ಬೈಸಿಕೊಂಡದ್ದು
ಇವರಿಗಾಗಿಯೇ?
ಚಿಟ್ಟೆಯಾಗಬೇಕಿದ್ದುದನ್ನು ಒಳಗಿಂದಲೇ ಉಂಡು
ಕೈತೊಳೆದು ಎದ್ದವರಿಗೆ?
ಕೈ ತನ್ನಷ್ಟಕ್ಕೆ ಕೆಂಪು ಡಬ್ಬಿಗೆ ತಡಕಾಡಿತು.
ಇಲ್ಲಿ ಡಬ್ಬಿಯಿಲ್ಲ.
ಕನ್ನಡಿಯೊಳಗೆ ಅವಳ ಕಾಲಿನ ಕೀಲು,
ಹೊಟ್ಟೆಯ ಹೊಂಬಣ್ಣದ ಅಂಚು.
ಮೂವತ್ತೊಂದು ವರ್ಷದಲ್ಲಿ
ಇಷ್ಟು ನುಣುಪಾದ ಒಂದೇ ಒಂದು ಭಾಗವನ್ನೂ
ನಾನು ಹಸಿರಿಗೆ ಹಾಕಿರಲಿಲ್ಲ.

ಹಗ್ಗ ಬಿಚ್ಚಿದೆ. ಗೇಟು ಕಿರ್ರೆಂದಿತು.
"ಬಂತಾ ಅಕ್ಕಾ?"
"ಬಂದರು," ಎಂದೆ. "ತುಂಬಾ ಜನ."
ಪೂಂಗೊಡಿ ಕನ್ನಡಿ ಇಸಿದುಕೊಂಡು ಬಗ್ಗಿದಳು.
ತುಂಬ ಹೊತ್ತು ಏನೂ ಅನ್ನಲಿಲ್ಲ.
ಏಳುವಾಗ, ಸೊಂಟ ಹಿಡಿದುಕೊಂಡು,
"ಒಗ್ಗರಣೆಗೆ ಎರಡು ಎಸಳು ಸಿಗುತ್ತಾ?"
ಕಡ್ಡಿಯ ತುದಿಯಲ್ಲಿ ಎಳೆ ಚಿಗುರು ಬಂದಿತ್ತು.
"ತಗೋ," ಎಂದೆ,
"ಎಲೆ ತಿರುವಿ ನೋಡಿ ಕೀಳು."